ತೂಬಿನ ಹಗ್ಗ

ಚಿಕ್ಕಗೊಂಡನಕೆರೆಯ ನೀರುಗಂಟಿ ಸಣ್ಣಪ್ಪ ಮೂರು ಸಲ ಹಗ್ಗವಿಲ್ಲದೆ ತೂಬಿಗೆ ಇಳಿದಿದ್ದ. ಊರಿನವರು ಅದನ್ನು ಧೈರ್ಯ ಎಂದುಕೊಂಡಿದ್ದರು. ಧೈರ್ಯವಲ್ಲ ಎಂಬುದು ಇಬ್ಬರಿಗೆ ಗೊತ್ತಿತ್ತು. ಒಬ್ಬಳು ಅವನ ಹೆಂಡತಿ ಏಕಾಂತಮ್ಮ, ಇನ್ನೊಬ್ಬಳು ಪಕ್ಕದ ಮನೆಯಲ್ಲಿದ್ದ ವಿಧವೆ ಅತ್ತಿಗೆ ಉಚ್ಚಂಗಮ್ಮ. ಮೇಲೆ ಬಂದರೂ ಸರಿ, ಬರದಿದ್ದರೂ ಸರಿ ಎಂದು ನೀರಿಗಿಳಿಯುವವನಿಗೆ ಹಗ್ಗ ಬೇಕಾಗುವುದಿಲ್ಲ.

ಭರಮಸಾಗರದಿಂದ ಮೂರು ಮೈಲಿ ದೂರದ ಈ ಕೆರೆ ದೊಡ್ಡದೇನಲ್ಲ. ತುಂಬಿದಾಗ ತೂಬಿನ ಹತ್ತಿರ ಹದಿನಾರು ಅಡಿ ನೀರು. ಏರಿಯಿಂದ ಸ್ವಲ್ಪ ಒಳಗೆ ಎರಡು ಕಲ್ಲುಕಂಬ ನಿಂತಿವೆ. ಅವುಗಳ ಬುಡದ ಚಪ್ಪಡಿಯಲ್ಲಿ ತೆಂಗಿನಕಾಯಿ ಹಿಡಿಸುವಷ್ಟು ಒಂದು ತೂತು. ಅದೇ ತೂಬಿನ ಬಾಯಿ. ಅದಕ್ಕೆ ಮರದ ಬೆಣೆ ಜಡಿದಿರುತ್ತಾರೆ. ಬೆಣೆಯನ್ನು ಮೇಲಿನಿಂದಲೇ ಎತ್ತಲು ಇದ್ದ ಉದ್ದನೆಯ ಮರದ ಗಳು ಸಣ್ಣಪ್ಪನ ತಾತನ ಕಾಲದಲ್ಲೇ ಮುರಿದುಹೋಗಿತ್ತು. ಹಾಗಾಗಿ ಕೆರೆ ತುಂಬಿದ ವರ್ಷ, ಪುಷ್ಯ ಮಾಸದಲ್ಲಿ ಬೇಸಗೆ ಭತ್ತಕ್ಕೆ ನೀರು ಬಿಡುವಾಗ, ಒಬ್ಬ ಮನುಷ್ಯ ಮುಳುಗಿ, ಬೆಣೆಯ ಸುತ್ತ ಕೂತ ಹೂಳನ್ನು ಕೈಯಿಂದ ಬಗೆದು, ಅಲುಗಾಡಿಸಿ, ಕಿತ್ತು ಬರಬೇಕು. ಒಂದೇ ಉಸಿರಿಗೆ ಆಗುವ ಕೆಲಸವಲ್ಲ, ಮೂರು ನಾಲ್ಕು ಸಲ ಮುಳುಗಬೇಕು. ಬೆಣೆ ಕಿತ್ತ ಗಳಿಗೆಯೇ ಅಪಾಯದ್ದು. ನೀರು ಒಮ್ಮೆಗೇ ಆ ತೂತಿಗೆ ನುಗ್ಗುತ್ತದೆ. ಕೈಯೋ ಕಾಲೋ ಹತ್ತಿರವಿದ್ದರೆ ಹೀರಿಕೊಳ್ಳುತ್ತದೆ.

ಅದಕ್ಕೇ ಹಗ್ಗ. ಮುಳುಗುವವನ ಕಂಕುಳ ಕೆಳಗೆ ಕಟ್ಟಿದ ಹಗ್ಗವನ್ನು ಏರಿಯ ಮೇಲೊಬ್ಬ ಹಿಡಿದು ನಿಂತು ಎಣಿಸುತ್ತಾನೆ. ಅರವತ್ತಾಯಿತೆಂದರೆ ಎಳೆಯಬೇಕು. ಇದು ಸಣ್ಣಪ್ಪನ ಮನೆಯವರು ಮೂರು ತಲೆಮಾರಿನಿಂದ ಮಾಡಿಕೊಂಡು ಬಂದ ಕ್ರಮ. ಇಳಿಯುವವನಿಗೂ ಹಗ್ಗ ಹಿಡಿಯುವವನಿಗೂ ಗೌಡರ ಮನೆಯಿಂದ ಒಂದೊಂದು ಬಟ್ಟಲು ಸಾರಾಯಿ ಬರುವುದೂ ಕ್ರಮವೇ. ಮೊದಲ ತೊಟ್ಟು ಕೆರೆಯ ಗಂಗವ್ವನಿಗೆ, ಉಳಿದದ್ದು ಅವರಿಗೆ. ಪುಷ್ಯದ ಬೆಳಗಿನ ಚಳಿಗೆ ಅದು ಬೇಕೆಂದು ಎಲ್ಲರೂ ನಂಬಿದ್ದರು.

ಎಪ್ಪತ್ತನೆಯ ಇಸವಿಯ ಜನವರಿಯಲ್ಲಿ ಅಣ್ಣ ಪಾಪಣ್ಣ ಇಳಿದಿದ್ದ, ಸಣ್ಣಪ್ಪ ಹಗ್ಗ ಹಿಡಿದಿದ್ದ. ಕಣದಲ್ಲಿ ಕೊಳಗದಿಂದ ರಾಗಿ ಅಳೆಯುವಾಗ ಮೊದಲನೆಯದನ್ನು ಒಂದು ಎನ್ನದೆ ಲಾಭ ಎನ್ನುತ್ತಾರಲ್ಲ, ಇವರ ಎಣಿಕೆಯೂ ಹಾಗೆಯೇ ಶುರುವಾಗುತ್ತಿತ್ತು: ಲಾಭ, ಎರಡು, ಮೂರು. ನಾಲ್ಕನೆಯ ಮುಳುಗು ಅದು. ಎಣಿಕೆ ಮೂವತ್ತು ದಾಟಿತ್ತು. ಏರಿಯ ಮೇಲೆ ನಿಂತಿದ್ದ ಗೌಡ ಚಿತ್ರಲಿಂಗಪ್ಪ ಬೀಡಿ ಬಾಯಿಗಿಟ್ಟು, "ಲೇ ಸಣ್ಣ, ಬೆಂಕಿಪೊಟ್ಣ ಐತೇನೋ?" ಎಂದ.

"ಇಲ್ಲ ಗೌಡ್ರೆ," ಎಂದ ಸಣ್ಣಪ್ಪ.

ಅಷ್ಟರಲ್ಲಿ ಎಣಿಕೆ ತಪ್ಪಿತು. ಮೂವತ್ತೈದೋ ನಲವತ್ತೈದೋ ತಿಳಿಯಲಿಲ್ಲ. ಕಣದಲ್ಲಿ ಎಣಿಕೆ ತಪ್ಪಿದರೆ ಅಳೆದದ್ದನ್ನು ರಾಶಿಗೆ ಸುರಿದು ಮೊದಲಿನಿಂದ ಅಳೆಯಬೇಕು. ನಿಯತ್ತಿನವನು ಊಹೆಯ ಮೇಲೆ ಮುಂದುವರಿಸುವುದಿಲ್ಲ. ಸಣ್ಣಪ್ಪ ನಿಯತ್ತಿನವನು. ಹೊಟ್ಟೆಯಲ್ಲಿ ಒಂದು ಬಟ್ಟಲು ಸಾರಾಯಿಯೂ ಇತ್ತು. ತುಟಿಯಲ್ಲೇ ಮತ್ತೆ ಶುರು ಮಾಡಿದ: ಲಾಭ, ಎರಡು, ಮೂರು.

ಎರಡನೆಯ ಎಣಿಕೆ ನಲವತ್ತೆರಡಕ್ಕೆ ಬಂದಾಗ ಯಾರೋ "ಎಳೆಯಲೇ!" ಎಂದು ಕೂಗಿದರು. ಹಗ್ಗ ಬರಲಿಲ್ಲ. ಪಾಪಣ್ಣನ ಬಲಗೈ ಮೊಣಕೈವರೆಗೆ ತೂಬಿನ ಬಾಯಲ್ಲಿ ಸಿಕ್ಕಿತ್ತು. ಅರವತ್ತಕ್ಕೇ ಎಳೆದಿದ್ದರೆ ಬದುಕುತ್ತಿದ್ದನೇ? ಕೈ ಯಾವಾಗ ಸಿಕ್ಕಿಕೊಂಡಿತೆಂದು ಗೊತ್ತಿಲ್ಲದ ಮೇಲೆ ಇದಕ್ಕೆ ಉತ್ತರವಿಲ್ಲ. ಊರು ಗಂಗವ್ವ ಬಲಿ ತೆಗೆದುಕೊಂಡಳು ಎಂದಿತು. ಸಣ್ಣಪ್ಪ ಎಣಿಕೆಯ ಮಾತನ್ನು ಯಾರಿಗೂ ಹೇಳಲಿಲ್ಲ. ಹೆಣದ ಜೊತೆಗೆ ಹಗ್ಗವೂ ಉಚ್ಚಂಗಮ್ಮನ ಮನೆ ಸೇರಿತು.

ಅಂದಿನಿಂದ ಅವನೇ ಇಳಿಯತೊಡಗಿದ. ಬರ ಬಂದು ಎರಡು ವರ್ಷ ಕೆರೆ ತುಂಬಲಿಲ್ಲ. ತುಂಬಿದ ಮೂರು ವರ್ಷವೂ ಇಳಿದ. ಯಾರಾದರೂ ಬೇರೆ ಹಗ್ಗ ತಂದರೆ ಬೇಡ ಎನ್ನುತ್ತಿದ್ದ. ಬೆಣೆ ಕಿತ್ತ ಮೇಲೂ ಕಲ್ಲುಕಂಬ ಹಿಡಿದು ಸ್ವಲ್ಪ ಹೊತ್ತು ಕೆಳಗೇ ಇರುತ್ತಿದ್ದ. ಅಲ್ಲಿ ಹೆದರಿಕೆಯಿರಲಿಲ್ಲ, ದುಃಖವೂ ಇರಲಿಲ್ಲ. ಮೇಲೂ ಇರಲಿಲ್ಲ. ಮೇಲಿದ್ದದ್ದು ಸಾರಾಯಿ ಅಂಗಡಿ ಮಾತ್ರ.

ಕುಡಿದರೆ ಮರೆಯುತ್ತದೆ ಎಂದು ಅವನು ಕುಡಿಯುತ್ತಿರಲಿಲ್ಲ. ಮರೆಯಬೇಕು ಅನ್ನಿಸುವಷ್ಟು ನೋವೂ ಅವನಿಗೆ ಗೊತ್ತಾಗುತ್ತಿರಲಿಲ್ಲ. ಸಂಜೆಯಾದರೆ ಕಾಲು ಭರಮಸಾಗರದ ದಾರಿ ಹಿಡಿಯುತ್ತಿತ್ತು, ಅಷ್ಟೆ. ಏಕಾಂತಮ್ಮ ಬೈದಳು, ತವರಿಗೆ ಹೋಗಿ ಬಂದಳು, ಮತ್ತೆ ಬೈದಳು. ಒಂದು ಸಲ ವಾರವಿಡೀ ಸಾರಿಗೆ ಉಪ್ಪು ಹಾಕದೆ ನೋಡಿದಳು. ಅವನು ಏಳು ದಿನವೂ ಮುದ್ದೆ ಮುರಿದು, ಅದ್ದಿ, ನುಂಗಿ ಎದ್ದ. ಎಂಟನೆಯ ದಿನ ಅವಳೇ ಸೋತು ಉಪ್ಪು ಹಾಕಿದಳು. "ಕಲ್ಲಿಗಾದ್ರೂ ಬಿಸಿಲು ತಟ್ತೈತೆ," ಎಂದು ಒಲೆಗೆ ಹೇಳಿದಳು.

ಎಪ್ಪತ್ತೈದರ ಜೂನ್‌ನಲ್ಲಿ ಸಣ್ಣಪ್ಪ ರಕ್ತ ಕಾರಿಕೊಂಡ. ಏಕಾಂತಮ್ಮ ಅವನನ್ನು ಬಸ್ಸಿಗೆ ಹಾಕಿಕೊಂಡು ಚಿತ್ರದುರ್ಗದ ಆಸ್ಪತ್ರೆಗೆ ತಂದಳು. ಹದಿನಾಲ್ಕನೆಯ ನಂಬರಿನ ಮಂಚ ಸಿಕ್ಕಿತು. ಹದಿನೈದರಲ್ಲಿ ಹಿರಿಯೂರು ತಾಲ್ಲೂಕಿನ ಆದಿವಾಲದ ಕಡೆಯ ಒಬ್ಬ ಕುರಿ ಗೊಲ್ಲ ಮಲಗಿದ್ದ. ಚಿತ್ತಯ್ಯ ಎಂದು ಹೆಸರು. ನಲವತ್ತರ ಆಸುಪಾಸು, ಕೋಲಿನಂಥ ಮೈ. ಅವನನ್ನೂ ತಂದು ಹಾಕಿದ್ದು ಸಾರಾಯಿಯೇ.

"ನಿಂದೇನು ಕಾರಣ?" ಎಂದು ಡಾಕ್ಟರು ಕೇಳಿದಾಗ ಚಿತ್ತಯ್ಯ ಯೋಚಿಸಿ ಹೇಳಿದ: "ಕಾರಣ ಅಂತ ಏನಿಲ್ಲ ಸಾ. ಕುಡುದೆ, ಚೆನ್ನಾಗಿತ್ತು. ಆಮ್ಯಾಲೆ ಚೆನ್ನಾಗಿರ್ಲಿಲ್ಲ. ಆದ್ರೂ ಕುಡುದೆ."

ಸಣ್ಣಪ್ಪ ಆ ಕಡೆ ತಿರುಗಿ ನೋಡಿದ. ಐದು ವರ್ಷದಲ್ಲಿ ಯಾರ ಮಾತಿಗೂ ಅವನು ಹಾಗೆ ತಿರುಗಿರಲಿಲ್ಲ.

ಕುಡಿತ ನಿಂತ ಮೂರನೆಯ ದಿನ ಮಧ್ಯಾಹ್ನ ಚಿತ್ತಯ್ಯನ ಕೈಕಾಲು ನಡುಗತೊಡಗಿದವು. ಕಣ್ಣು ಎದುರಿನ ಗೋಡೆಗೆ ನೆಟ್ಟಿತ್ತು. "ಕುರಿ ಹೋಗ್ತಾ ಅವೆ," ಎಂದ. ಆಚೆ ಮಂಚದವನು ನಕ್ಕ. ಆ ನಕ್ಕವನ ಹೆಂಡತಿ, "ಗೋಡೆ ಕಣಪ್ಪ ಅದು, ಬರೀ ಗೋಡೆ," ಎಂದಳು. ಚಿತ್ತಯ್ಯನಿಗೆ ಅದರಿಂದ ಗಾಬರಿ ಹೆಚ್ಚಿತು. ಏಳಲು ಹೋಗಿ ಬಿದ್ದ.

ಸಣ್ಣಪ್ಪ ಎದ್ದು ಬಂದು ಅವನ ಮಂಚದ ಅಂಚಿನಲ್ಲಿ ಕುಳಿತ. ತನಗೂ ಹಿಂದಿನ ದಿನ ಕಿಟಕಿಯಲ್ಲಿ ನೀರು ಏರಿ ಬಂದದ್ದು ಅವನಿಗೆ ನೆನಪಿತ್ತು.

"ಎಷ್ಟು ಕುರಿ ಅವೆ?"

"ಎಣಿಸಬ್ಯಾಡ," ಎಂದ ಚಿತ್ತಯ್ಯ. "ಎಣಿಸಿದ್ರೆ ಗೊತ್ತಾಗಲ್ಲ. ಒಂದು ಕಮ್ಮಿ ಐತೆ."

"ಯಾವುದು?"

"ಕರೇ ಮೂಗಿಂದು."

"ಆತು. ಬರಾಗಂಟ ನೋಡಾಣ."

ಸಣ್ಣಪ್ಪ ಅವನ ಕೈ ಹಿಡಿದು ತಾನೂ ಗೋಡೆ ನೋಡುತ್ತ ಕುಳಿತ. ಗೋಡೆಯ ಮೇಲೆ ಸುಣ್ಣ ಉದುರಿದ ಒಂದು ಜಾಗ ಬಿಟ್ಟರೆ ಏನೂ ಇರಲಿಲ್ಲ. ನರ್ಸ್ ದಾಕ್ಷಾಯಣಮ್ಮ ಸೂಜಿ ಕೊಟ್ಟು ಹೋದಳು, ಮತ್ತೆ ಬಂದಳು, ಇವರಿಬ್ಬರೂ ಹಾಗೆಯೇ ಇದ್ದರು. ನಾಲ್ಕು ಗಂಟೆಯ ಹೊತ್ತಿಗೆ ಚಿತ್ತಯ್ಯ, "ಬಂತು," ಎಂದು ಕಣ್ಣು ಮುಚ್ಚಿದ.

ಬಿಡುಗಡೆಯಾದ ದಿನ ದಾಕ್ಷಾಯಣಮ್ಮ ಇಬ್ಬರನ್ನೂ ಬಾಗಿಲಲ್ಲಿ ನಿಲ್ಲಿಸಿಕೊಂಡಳು. "ಡಾಕ್ಟ್ರ ಮಾತು ನೀವು ಕೇಳಲ್ಲ, ನನ್ನ ಮಾತಂತೂ ಕೇಳಲ್ಲ. ಹೆಂಡ್ರ ಮಾತು ಕೇಳಿದ್ರೆ ಇಲ್ಲಿಗೆ ಬರ್ತಾನೇ ಇರ್ಲಿಲ್ಲ. ಇವ್ನ ಮಾತು ಅವ್ನು ಕೇಳ್ತಾನೆ, ಅವ್ನ ಮಾತು ಇವ್ನು ಕೇಳ್ತಾನೆ, ನಾನೇ ನೋಡಿದೀನಿ. ಬೇಕು ಅನ್ನಿಸಿದಾಗ ಅಂಗಡಿಗೆ ಹೋಗಬ್ಯಾಡ್ರಿ. ಒಬ್ಬರ ಹತ್ರ ಒಬ್ಬರು ಹೋಗ್ರಿ."

"ಬಸ್ ಚಾರ್ಜು ಸಾರಾಯಿಗಿಂತ ಜಾಸ್ತಿ ಆತೈತಲ್ಲಮ್ಮ," ಎಂದ ಚಿತ್ತಯ್ಯ.

"ನಡಕಂಡು ಹೋಗು. ಕಾಲು ಅವೆಯಲ್ಲ."

ಜುಲೈಯಲ್ಲಿ ಸಣ್ಣಪ್ಪ ಹೋದ. ಆದಿವಾಲದಿಂದಾಚೆ, ಮುಳ್ಳುಬೇಲಿಯೊಳಗೆ ಹತ್ತಿಪ್ಪತ್ತು ಗುಡಿಸಲುಗಳ ಗೊಲ್ಲರ ಹಟ್ಟಿ. ಇವನ ಜಾತಿಯವರು ಬೇಲಿ ದಾಟುವಂತಿರಲಿಲ್ಲ. ಅದು ಅವನಿಗೆ ಗೊತ್ತಿದ್ದದ್ದೇ, ಹೊರಗಿನ ಬೇವಿನ ಮರದಡಿ ಕುಳಿತ. ಚಿತ್ತಯ್ಯ ಹೊರಬಂದು ಪಕ್ಕದಲ್ಲಿ ಕುಳಿತ. "ನಮ್ಮಲ್ಲಿ ಕುಡುದೋನು ಹಟ್ಟಿಯೊಳಗೆ ಕಾಲಿಡಂಗಿಲ್ಲ," ಎಂದ. "ಎರಡು ವರ್ಷ ಕುರಿ ರೊಪ್ಪದಾಗೇ ಮಲಗಿದೀನಿ. ನಿನಗೆ ಇವತ್ತು ಹೊರಗಿರಾದು ಹೊಸದು. ನಂಗೆ ಹಳೇದು."

ಮಾತು ಹೆಚ್ಚು ಆಗಲಿಲ್ಲ.

"ಬೇಕು ಅನ್ನಿಸ್ತೈತಾ?" ಎಂದ ಸಣ್ಣಪ್ಪ.

"ಅನ್ನಿಸ್ತೈತೆ. ನಿಂಗೆ?"

"ನಂಗೂ."

ಎರಡು ಗಂಟೆ ಕುಳಿತು, ಎದ್ದು ಬಸ್ಸಿಗೆ ಹೋದ. ಹೋಗುವಾಗ ಚಿತ್ತಯ್ಯ ತನ್ನ ಮಂದೆಯ ದಾರಿ ಹೇಳಿದ. ಬನ್ನಿ ಹಬ್ಬದ ಹೊತ್ತಿಗೆ ಹೊಳಲ್ಕೆರೆ ಕಡೆ, ದೀಪಾವಳಿ ಕಳೆದ ಮೇಲೆ ಹೊಸದುರ್ಗದ ಕಡೆ, ಪುಷ್ಯಕ್ಕೆ ಭರಮಸಾಗರದ ಹೊಲಗಳಿಗೆ. ಹೊಲದವರು ಗೊಬ್ಬರಕ್ಕಾಗಿ ಕುರಿ ಮಂದೆ ನಿಲ್ಲಿಸಿಕೊಳ್ಳುವ ವಾಡಿಕೆ. "ಕೇಳ್ಕಂಡು ಬಾ. ಗೊಲ್ಲ ಎಲ್ಲಿ ಅಂತ ಕೇಳಬ್ಯಾಡ, ಕುರಿ ಎಲ್ಲಿ ಅಂತ ಕೇಳು."

ಕುಡಿತ ಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ಜನ ಹೇಳಿದ್ದರು. ಹೋಗಲಿಲ್ಲ. ಕೈ ನಡುಗುವುದು ನಿಂತಿತು, ಕಣ್ಣಿನ ಹಳದಿ ಇಳಿಯಿತು. ಒಳಗೆ ಮಾತ್ರ ಹಾಗೆಯೇ ಇತ್ತು, ಬಹಳ ಹೊತ್ತು ತಲೆಯ ಕೆಳಗಿಟ್ಟು ಮಲಗಿದ ಕೈಯಂತೆ. ತನ್ನದೇ ಕೈ, ಮುಟ್ಟಿದರೆ ಬೇರೆಯವರದು. ಸಂಜೆಗಳು ಉದ್ದವಾದವು. ಅವನು ಕುಡಿಯದ ದಿನಗಳನ್ನು ಮನಸ್ಸಿನಲ್ಲೇ ಎಣಿಸುತ್ತಿದ್ದ. ಮೊದಲ ದಿನವನ್ನು ಒಂದು ಎಂದಿದ್ದ. ಲಾಭ ಎನ್ನಲಿಲ್ಲ.

ಎಣಿಕೆ ನೂರ ಹನ್ನೆರಡಕ್ಕೆ ಬಂದಿತ್ತು. ಮರುದಿನ ಬನ್ನಿ ಹಬ್ಬ. ಸಂಜೆ ಎಲ್ಲರೂ ಬನ್ನಿ ಎಲೆ ಹಿಡಿದು ಮನೆಮನೆಗೆ ಹೋಗುವಾಗ ಅವನೂ ಉಚ್ಚಂಗಮ್ಮನ ಬಾಗಿಲಿಗೆ ಹೋಗಿ ಎಲೆ ಚಾಚಿದ. ಅವಳು ತೆಗೆದುಕೊಂಡಳು. ಎಲ್ಲರಿಗೂ ಹೇಳುವಂತೆಯೇ, "ಬನ್ನಿ ತಗಂಡು ಬಂಗಾರದಂಗಿರಾಣಪ್ಪ," ಎಂದಳು. ಅವಳ ಬೋಳು ಕೈ ಅವನ ಕಣ್ಣಿಗೆ ಬಿತ್ತು. ಅಲ್ಲಿಂದ ಅವನು ನೆಟ್ಟಗೆ ಭರಮಸಾಗರಕ್ಕೆ ನಡೆದು ಕುಡಿದ.

ಮರುದಿನ ಬೆಳಗ್ಗೆ ಬಸ್ಸು ಹಿಡಿದು ಹೊಳಲ್ಕೆರೆಯಲ್ಲಿ ಇಳಿದ. ಕುರಿ ಎಲ್ಲಿ ಎಂದು ಮೂರು ಕಡೆ ಕೇಳಿ, ಬಿಸಿಲೇರುವ ಹೊತ್ತಿಗೆ ಒಂದು ಜೋಳದ ಕೂಳೆಯ ಹೊಲದಲ್ಲಿ ಚಿತ್ತಯ್ಯನನ್ನು ಕಂಡ. ಅವನು ಒಂದು ಕುರಿಯನ್ನು ಮಗ್ಗುಲಾಗಿ ಕೆಡವಿ, ಗೊರಸಿನ ಸಂದಿಯಿಂದ ಮುಳ್ಳು ತೆಗೆಯುತ್ತಿದ್ದ.

"ಏನಪ್ಪ ನೀರುಗಂಟಿ, ಮುಖ ಹಿಂಗೈತೆ?"

"ಕುಡುದೆ."

"ಹೂಂ. ಈ ಕಾಲು ಹಿಡ್ಕ ವಸಿ, ಒದೀತೈತೆ."

ಸಣ್ಣಪ್ಪ ಕುರಿಯ ಕಾಲು ಹಿಡಿದ. "ನೂರ ಹನ್ನೆರಡು ದಿನ ಆಗಿತ್ತು," ಎಂದ. "ಇನ್ನ ಮತ್ತೆ ಒಂದರಿಂದ ಎಣಿಸ್ಬೇಕು."

"ಯಾಕೆ?"

"ಯಾಕೆ ಅಂದ್ರೆ? ತಪ್ಪಿತಲ್ಲ."

"ಆ ನೂರ ಹನ್ನೆರಡು ದಿನ ಕುಡದಿದ್ಯಾ?"

"ಇಲ್ಲ."

"ಮತ್ತೆ ಅವು ಎಲ್ಲಿಗೋದ್ವು? ಒಂದು ಕುರಿ ತಪ್ಪಿಸ್ಕಂತು ಅಂತ ನಾನು ಮಂದೇನೇ ಇಲ್ಲ ಅಂತೀನಾ? ತಪ್ಪಿಸ್ಕಂಡಿದ್ದನ್ನ ಹುಡುಕ್ತೀನಿ. ಮಿಕ್ಕವು ಮೇಯ್ತಿರ್ತಾವೆ." ಚಿತ್ತಯ್ಯ ಮುಳ್ಳು ಕಿತ್ತು ಬೆಳಕಿಗೆ ಹಿಡಿದು ನೋಡಿ ಎಸೆದ. "ನಾನು ಎರಡು ಸಲ ಕುಡುದೆ, ಶ್ರಾವಣದಾಗೆ. ನಿಂಗೆ ಹೇಳಿರ್ಲಿಲ್ಲ. ನಾಚಿಕೆ ಆತು," ಎಂದ.

ಸಣ್ಣಪ್ಪ ಕುರಿಯ ಕಾಲನ್ನು ಬಿಟ್ಟಿರಲಿಲ್ಲ. ಮುಳ್ಳು ತೆಗೆದಾಗಿತ್ತು, ಆದರೂ ಹಿಡಿದೇ ಇದ್ದ. ಹಾಗೆಯೇ ಹೇಳಿದ. ತೂಬು, ಬಟ್ಟಲು, ಬೆಂಕಿಪೊಟ್ಟಣ, ಎಲ್ಲ. ಎಣಿಕೆ ತಪ್ಪಿ ತಾನು ಮತ್ತೆ ಲಾಭದಿಂದ ಶುರು ಮಾಡಿದ್ದು. ಧ್ವನಿ ಏರಲಿಲ್ಲ, ಇಳಿಯಲಿಲ್ಲ. ಬೇರೆ ಯಾರದೋ ಊರಿನ ಸುದ್ದಿ ಹೇಳುವವನಂತೆ ಹೇಳಿ ಮುಗಿಸಿದ.

ಚಿತ್ತಯ್ಯ ಹೋಗಲಿ ಬಿಡು ಎನ್ನಲಿಲ್ಲ. ನಿನ್ನ ತಪ್ಪಲ್ಲ ಎಂದೂ ಹೇಳಲಿಲ್ಲ. ತಪ್ಪು ಹೌದೋ ಅಲ್ಲವೋ ಅವನಿಗೆ ಗೊತ್ತಿರಲಿಲ್ಲ. "ಕುರಿ ಬಿಡು, ಹೋಗ್ಲಿ," ಎಂದಷ್ಟೇ ಹೇಳಿದ. ಕುರಿ ಎದ್ದು ಕುಂಟುತ್ತ ಮಂದೆ ಸೇರಿತು. ಇಬ್ಬರೂ ಬದುವಿನ ಮೇಲೆ ಕುಳಿತರು. ಚಿತ್ತಯ್ಯ ಕೇಳಿದ: "ಈಗ ಹಗ್ಗ ಯಾರು ಹಿಡೀತಾರೆ?"

"ಹಗ್ಗ ಇಲ್ಲ."

"ಇಲ್ಲದೇ ಇಳೀತೀಯಾ?"

ಸಣ್ಣಪ್ಪ ಬದುವಿನ ಹುಲ್ಲು ಕೀಳತೊಡಗಿದ. ಚಿತ್ತಯ್ಯ ಅವನ ಮುಖವನ್ನು, ಸಂಜೆ ಮಂದೆ ನೋಡುವಂತೆ, ನೋಡಿದ. "ಪುಷ್ಯಕ್ಕೆ ನಿಮ್ಮ ಕಡೆ ಬರ್ತೀನಲ್ಲ, ನಾನು ಹಿಡೀತೀನಿ. ಎಣಿಸಾಕೆ ಮಾತ್ರ ಬರಲ್ಲ ನಂಗೆ. ಇಪ್ಪತ್ತಾದ ಮ್ಯಾಲೆ ಹೊಯ್ದಾಡ್ತೈತೆ."

"ಮತ್ತೆ ಹೆಂಗೆ ಎಳೀತೀಯ?"

"ಅದು ನಂಗೆ ಬಿಡು."

ಅಲ್ಲಿಂದ ಬಂದ ಮೇಲೆ ಸಣ್ಣಪ್ಪ ದಿನ ಎಣಿಸುವುದನ್ನು ಬಿಟ್ಟ. ಕಾರ್ತಿಕದಲ್ಲಿ ಒಮ್ಮೆ ಹೊಸದುರ್ಗದ ಕಡೆಗೆ ಅವನು ಹೋಗಿಬಂದ. ಒಮ್ಮೆ ಚಿತ್ತಯ್ಯನೇ ಮಂದೆಯನ್ನು ತನ್ನ ಅಣ್ಣನಿಗೆ ಒಪ್ಪಿಸಿ ಬಂದು, "ಬುದ್ಧಿ ಹೇಳಾಕೆ ಬಂದಿಲ್ಲ, ನಂಗೇ ಬೇಕು ಅನ್ನಿಸ್ತು, ಅದಕ್ಕೆ ಬಂದೆ," ಎಂದು ಸಣ್ಣಪ್ಪನ ಜಗಲಿಯ ಮೇಲೆ ಅರ್ಧ ದಿನ ಕುಳಿತು ಹೋದ. ಆ ವಾರವೇ ಒಂದು ಮಧ್ಯಾಹ್ನ ಸಣ್ಣಪ್ಪ ಮುದ್ದೆ ಅದ್ದಿದವನು ತಲೆಯೆತ್ತಿ, "ಉಪ್ಪು ಕಮ್ಮಿ ಆಗೈತೆ," ಎಂದ. ಏಕಾಂತಮ್ಮ ಉಪ್ಪಿನ ಮಡಕೆ ತರುತ್ತೇನೆಂದು ಒಳಗೆ ಹೋದವಳು ಬರಲು ತಡಮಾಡಿದಳು.

ಪುಷ್ಯ ಬಂತು. ಗೌಡರು ತೂಬು ತೆಗೆಯುವ ದಿನ ಗೊತ್ತು ಮಾಡಿದರು. ಹಿಂದಿನ ದಿನ ಸಣ್ಣಪ್ಪ ಉಚ್ಚಂಗಮ್ಮನ ಬಾಗಿಲಲ್ಲಿ ನಿಂತ. ಅವಳು ಅಂಗಳದಲ್ಲಿ ಹುರುಳಿ ಕೇರುತ್ತಿದ್ದಳು.

"ಅತ್ಗೆ, ಹಗ್ಗ ಬೇಕಿತ್ತು."

ಮೊರ ನಿಂತಿತು. ಅವಳು ಎದ್ದು ಒಳಗೆ ಹೋಗಿ, ಅಟ್ಟದಿಂದ ಸುರುಳಿ ಇಳಿಸಿಕೊಂಡು ಬಂದಳು. ಆರು ವರ್ಷದ ಹಗ್ಗ ಹಳತಾಗಿರಲಿಲ್ಲ, ಇಲಿ ಮುಟ್ಟಿರಲಿಲ್ಲ. "ಪ್ರತಿ ಉಗಾದಿಗೂ ಬಿಸಿಲಿಗೆ ಹಾಕಿ ಎಣ್ಣೆ ಸವರಿದೀನಿ," ಎಂದಳು. "ಹಿಡಿಯೋರು ಯಾರು?"

"ಆದಿವಾಲದ ಕಡೇ ಗೊಲ್ಲ. ಆಸ್ಪತ್ರೇಲಿ ಪಕ್ಕದ ಮಂಚದಾಗಿದ್ದ."

"ಎಣಿಸಾಕೆ ಬರ್ತೈತಾ ಅವ್ನಿಗೆ?"

"ಬರಲ್ಲ."

ಉಚ್ಚಂಗಮ್ಮ ಹಗ್ಗವನ್ನು ಅವನ ಕೈಗೆ ಕೊಟ್ಟಳು. "ಒಳ್ಳೇದಾತು," ಎಂದಳು.

ಸಣ್ಣಪ್ಪನಿಗೆ ಅಂಗಳ ದಾಟುವವರೆಗೂ ಅರ್ಥವಾಗಲಿಲ್ಲ. ಅಣ್ಣ ಸತ್ತ ದಿನ ಏರಿಯ ಮೇಲೆ ಅವಳು ನಿಂತದ್ದು ತನ್ನ ಹಿಂದೆಯೇ. ಅವನ ತುಟಿಯ ಎರಡನೆಯ ಲಾಭವನ್ನು ಅವಳು ಕೇಳಿದ್ದಳು. ಆರು ವರ್ಷ ಯಾರಿಗೂ ಹೇಳಿರಲಿಲ್ಲ. ಅವನು ತಿರುಗಿ ನೋಡಿದ. ಅವಳು ಹುರುಳಿ ಕೇರುತ್ತಿದ್ದಳು.

ಬೆಳಗ್ಗೆ ಎಂಟಕ್ಕೆ ಏರಿಯ ಮೇಲೆ ಜನ ಸೇರಿತು. ಚಿತ್ತಯ್ಯ ಕಂಬಳಿ ಹೊದ್ದು, ಕೋಲು ಹಿಡಿದು, ಎಲ್ಲರಿಂದ ಸ್ವಲ್ಪ ದೂರ ನಿಂತಿದ್ದ. "ನಮ್ಮೂರ ತೂಬಿನ ಹಗ್ಗ ಹಿಡಿಯಾಕೆ ಗೊಲ್ಲ ಬರ್ಬೇಕಾ?" ಎಂದು ಯಾರೋ ಗೊಣಗಿದರು. "ಮುಳುಗಿದ್ರೆ ಬ್ಯಾ ಅಂತ ಕರೀತಾನೆ ಬಿಡು," ಎಂದ ಇನ್ನೊಬ್ಬ.

ಗೌಡ ಚಿತ್ರಲಿಂಗಪ್ಪ ಎರಡು ಬಟ್ಟಲು ತರಿಸಿದ್ದ. ಸಾರಾಯಿಯ ವಾಸನೆ ತಣ್ಣನೆಯ ಗಾಳಿಯಲ್ಲಿ ಸಣ್ಣಪ್ಪನ ಮೂಗಿಗೆ ಬಂತು. ಮೈಯೆಲ್ಲ ಅದರ ಕಡೆ ಬಾಗಿತು. ಅವನು ಚಿತ್ತಯ್ಯನನ್ನು ನೋಡಿದ. ಅವನ ಕಣ್ಣೂ ಬಟ್ಟಲಿನ ಮೇಲೇ ಇತ್ತು.

"ಬ್ಯಾಡ ಗೌಡ್ರೆ."

"ಬ್ಯಾಡ ಅಂದ್ರೆ? ಗಂಗವ್ವನ ಪದ್ಧತಿ ಕಣಲೇ. ಈ ಚಳೀಲಿ ಹಂಗೇ ಇಳೀತೀಯಾ?"

"ಗಂಗವ್ವಂದು ಅವಳಿಗೆ ಕೊಡ್ರಿ. ನಂಗೆ ಬಟ್ಲು ಕೊಟ್ರೆ ನಾನಿಳಿಯಲ್ಲ. ಎರಡರಾಗೆ ಒಂದು ಆತೈತೆ."

ಚಿತ್ರಲಿಂಗಪ್ಪ ಕೆಳಗಿನ ಗದ್ದೆಗಳನ್ನು ನೋಡಿದ. ಸಸಿಮಡಿ ತಯಾರಾಗಿತ್ತು, ಗದ್ದೆ ಒಣಗಿತ್ತು. "ಅದೇನು ಕಾಲ ಬಂತೋ," ಎನ್ನುತ್ತ ಎರಡು ಬಟ್ಟಲನ್ನೂ ತಾನೇ ಕೆರೆಗೆ ಸುರಿದ. ಒಳ್ಳೆಯ ಸಾರಾಯಿ ಹಾಳಾಯಿತೆಂಬ ಸಂಕಟ ಅವನ ಮುಖದಲ್ಲಿತ್ತು.

ಸಣ್ಣಪ್ಪ ಹಗ್ಗ ಕಟ್ಟಿಕೊಂಡು ಇಳಿದ. ನೀರು ಕೊರೆಯುತ್ತಿತ್ತು. ಕಂಬ ಹಿಡಿದು ತಳ ಮುಟ್ಟಿ, ಬೆಣೆ ತಡವಿ ಹೂಳಿಗೆ ಕೈ ಹಾಕಿದನೋ ಇಲ್ಲವೋ, ಕಂಕುಳಲ್ಲಿ ಹಗ್ಗ ಬಿಗಿದು ಅವನನ್ನು ಮೇಲಕ್ಕೆಳೆಯಿತು.

"ಯಾಕಲೇ ಎಳದೆ?" ನೀರು ಉಗುಳುತ್ತ ಕೂಗಿದ. "ಇನ್ನೂ ಹೂಳೇ ಮುಟ್ಟಿಲ್ಲ!"

ಏರಿಯ ಮೇಲೆ ಚಿತ್ತಯ್ಯ ಬಗ್ಗಿ ಮಂಡಿ ಹಿಡಿದು ಏದುಸಿರು ಬಿಡುತ್ತಿದ್ದ. ಕಣ್ಣು ಕೆಂಪಾಗಿದ್ದವು. "ನನ್ನ ಉಸುರು ಮುಗೀತು," ಎಂದ.

"ನಿನ್ನ ಉಸುರು ಕಟ್ಟಾಕೆ ಯಾರಲೇ ಹೇಳಿದ್ದು?"

"ಎಣಿಸಾಕೆ ಬರಲ್ಲ ಅಂದಿರ್ಲಿಲ್ವಾ? ನೀನು ಮುಳುಗಿದಾಗ ನಾನೂ ಕಟ್ತೀನಿ. ನಂಗಾಗಲ್ಲ ಅಂದಾಗ ಎಳೀತೀನಿ. ಇದು ತಪ್ಪಾಕಿಲ್ಲ."

ಏರಿಯ ಮೇಲಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸಣ್ಣಪ್ಪನಿಗೆ ಸಿಟ್ಟು ಬಂತು. ನಿಜವಾದ ಸಿಟ್ಟು, ಕಿವಿ ಬಿಸಿಯಾಗುವಂಥದು. ಎಷ್ಟು ಕಾಲದ ಮೇಲೆ ಬಂದದ್ದೆಂದು ಅವನಿಗೇ ಆಶ್ಚರ್ಯವಾಯಿತು. "ನೀರಾಗೆ ಹುಟ್ಟಿದೋನು ನಾನು, ಅರವತ್ತು ಎಣಿಸಾಗಂಟ ಇರ್ತೀನಿ. ನೀನು ಮೂವತ್ತಕ್ಕೇ ಸಾಯ್ತೀಯ."

"ಸಾಯಲ್ಲ. ಅದಕ್ಕೇ ಎಳೀತೀನಿ."

ಮತ್ತೆ ಮುಳುಗಿದ, ಮತ್ತೆ ಎಳೆದ. ಮೂರು ನಾಲ್ಕು ಮುಳುಗಿನ ಕೆಲಸ ಏಳಾಯಿತು, ಎಂಟಾಯಿತು. ಪ್ರತಿ ಸಲವೂ ಒಂದು ಹಿಡಿ ಹೂಳು. ನಗುತ್ತಿದ್ದವರು ಸುಮ್ಮನಾದರು, ಕೆಲವರಿಗೆ ತಮಗೆ ತಿಳಿಯದೆಯೇ ಉಸಿರು ನಿಲ್ಲುತ್ತಿತ್ತು. ಯಾರೂ ಬೀಡಿ ಹಚ್ಚಲಿಲ್ಲ.

ಒಂಬತ್ತನೆಯ ಸಲ ಬೆಣೆ ಅಲುಗಾಡಿತು. ಸಣ್ಣಪ್ಪ ಕಾಲನ್ನು ಚಪ್ಪಡಿಗೆ ಕೊಟ್ಟು ಎರಡೂ ಕೈಯಿಂದ ಜಗ್ಗಿದ. ಬೆಣೆ ಕಿತ್ತುಬಂತು, ನೀರು ಅವನ ಪಕ್ಕದಿಂದಲೇ ಭೋರೆಂದು ತೂತಿಗೆ ನುಗ್ಗಿತು. ಅವನು ಸರಿದು ಕಂಬ ತಬ್ಬಿಕೊಂಡ. ಹಿಂದಿನ ಮೂರು ವರ್ಷವೂ ನಿಂತ ಜಾಗವದು. ಆ ತಣ್ಣನೆಯ ಕತ್ತಲೆ, ಏನೂ ಕೇಳದ ಜಾಗ. ಮೈ ಅಲ್ಲೇ ನಿಲ್ಲಲು ನೋಡಿತು. ಅಣ್ಣನ ಕೈ ಸಿಕ್ಕಿದ್ದ ಬಾಯಿ ಕಾಲಿನಿಂದ ಎರಡು ಅಡಿ ದೂರದಲ್ಲಿತ್ತು.

ಆಗ ಅವನಿಗೆ ಮೇಲೊಬ್ಬ ಉಸಿರು ಕಟ್ಟಿ ನಿಂತಿರುವುದು ನೆನಪಾಯಿತು. ಕೋಲಿನಂಥ ಮೈಯ, ಮೂವತ್ತಕ್ಕೆ ಕಣ್ಣು ಕೆಂಪಾಗುವ ಒಬ್ಬ. ತಾನು ಇಲ್ಲಿ ನಿಂತಷ್ಟು ಹೊತ್ತೂ ಅವನು ಅಲ್ಲಿ ಉಸಿರಾಡುವುದಿಲ್ಲ.

ಸಣ್ಣಪ್ಪ ಕಂಬ ಬಿಟ್ಟು ಕಾಲಿನಿಂದ ತಳವನ್ನು ಒದ್ದ. ಹಗ್ಗ ಬಿಗಿಯುವ ಮೊದಲೇ ಮೇಲೆ ಬಂದ.

ಚಿತ್ತಯ್ಯ ಬಾಯಿ ತೆರೆದು ಉಸಿರು ಬಿಟ್ಟ. "ಇನ್ನೂ ವಸಿ ಇರಬಹುದಿತ್ತಲ್ಲ," ಎಂದ. "ನಂಗಿನ್ನೂ ಇತ್ತು."

"ಎಲ್ಲಿತ್ತು? ಮುಖ ನೋಡ್ಕ, ಬದ್ನೆಕಾಯಿ ಆಗೈತೆ."

ಏರಿಯ ಆಚೆ, ಕಾಲುವೆಯಲ್ಲಿ ನೀರು ಹರಿದ ಸದ್ದು ಕೇಳಿ ಜನ ಅತ್ತ ಓಡಿದರು. ಸಣ್ಣಪ್ಪ ನಡುಗುತ್ತ ಕುಳಿತ. ಚಿತ್ತಯ್ಯ ತನ್ನ ಕಂಬಳಿಯನ್ನು ಅವನ ಮೇಲೆ ಎಸೆದ. ಏಕಾಂತಮ್ಮ ಬಿಸಿ ರಾಗಿ ಗಂಜಿ ತಂದು ಗಂಡನಿಗೆ ಕೊಟ್ಟು, ಗೊಲ್ಲನಿಗೆ ಕೊಡಬಹುದೋ ಬಾರದೋ ಎಂದು ಹಿಂಜರಿದು ನಿಂತಳು. "ತಾರಕ್ಕ," ಎಂದು ಅವನೇ ಕೈ ಚಾಚಿದ. "ಆಸ್ಪತ್ರೇಲಿ ಒಂದೇ ಪಾತ್ರೇದು ಕುಡುದಿದ್ದೀವಿ."

ಉಚ್ಚಂಗಮ್ಮ ಬಂದು ಒದ್ದೆ ಹಗ್ಗವನ್ನು ಮೊಣಕೈಗೆ ಸುತ್ತಿ ಸುತ್ತಿ ಸುರುಳಿ ಮಾಡಿದಳು. ಮಾಡಿ ಮುಗಿಸಿ, ತನ್ನ ಮನೆಯ ಕಡೆ ತಿರುಗದೆ, ಅದನ್ನು ಏಕಾಂತಮ್ಮನ ಕೈಗೆ ಇಟ್ಟಳು.

"ಇನ್ನು ನಿಮ್ಮನ್ಯಾಗೇ ಇರ್ಲಿ. ಒಣಗಿಸಿ ಇಡು. ಎಣ್ಣೆ ಸವರಾದು ಮರೀಬ್ಯಾಡ."